ಇಂಗ್ಲಿಷಿನ ಬಾಲಕ್ಕೊಂದು ‘ರಿ’

ನಮ್ಮ ಮನೆಯ ರೊಟ್ಟಿ ಬುಟ್ಟಿಗೆ ಮುಚ್ಚಳವಾಗಿ ಕೂತಿರುವುದು ವಿಯೆಟ್ನಾಂ ದೇಶದ ಒಂದು ಟೋಪಿ. ತಾಳೆಗರಿಯಿಂದ ಹೆಣೆದದ್ದು, ಗೋಪುರದ ಆಕಾರದ್ದು, ಅಲ್ಲಿಯ ಹೆಂಗಸರು ಬಿಸಿಲಿಗೂ ಮಳೆಗೂ ತಲೆಯ ಮೇಲೆ ಇಟ್ಟುಕೊಳ್ಳುವಂಥದ್ದು. ಕುಷ್ಟಗಿಯ ಈ ಮನೆಗೆ ಬಂದ ಹೊಸದರಲ್ಲಿ ನಾನು ಅದನ್ನು ಅಲಂಕಾರಕ್ಕೆಂದು ಪಡಸಾಲೆಯ ಗೋಡೆಗೆ ತೂಗುಹಾಕಿದ್ದೆ. ಒಂದು ದಿನ ಕೆಲಸದಿಂದ ಬಂದು ನೋಡಿದರೆ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಅವ್ವ ಟೋಪಿ ಇಳಿಸಿ, ಒದ್ದೆ ಅರಿವೆಯಿಂದ ಒರೆಸಿ, ಬುಟ್ಟಿಯ ಮೇಲೆ ಮುಚ್ಚಿದ್ದಳು. ಗಾಳಿಯೂ ಆಡುತ್ತದೆ, ನೊಣವೂ ಕೂರುವುದಿಲ್ಲ, ಇಷ್ಟು ಛಲೋ ಮುಚ್ಚಳವನ್ನು ಗೋಡೆಗೆ ಯಾಕೆ ತೋರಿಸಬೇಕು ಎಂದು ಅವಳ ವಾದ. ಅಂತೂ ಅದಕ್ಕೊಂದು ಉದ್ಯೋಗ ಸಿಕ್ಕಂತಾಯಿತೆಂದು ನಾನೂ ಅಲ್ಲೇ ಬಿಟ್ಟೆ.

ಮನೆಗೆ ಬಂದವರು ಮೊದಲು ಅದನ್ನೇ ನೋಡುತ್ತಾರೆ, ಇದೇನು ಎಂದು ಕೇಳುತ್ತಾರೆ. “ನಮ್ಮ ಮಲ್ಲವ್ವ ಪರದೇಶಕ್ಕ ಇಂಗ್ಲಿಷ್ ಕಲ್ಸಾಕ ಹೋಗಿದ್ಲಲ್ರಿ, ಅಲ್ಲೀದು” ಎಂದು ಹೇಳಿ ಅವ್ವ ಚಹಾಕ್ಕೆ ಇಡಲು ಎದ್ದುಹೋಗುತ್ತಾಳೆ. ನನ್ನ ಮೂರು ವರ್ಷ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ನೀವು ಸ್ವಲ್ಪ ಬಿಡುವಾಗಿ ಕೂತಿದ್ದೀರಿ ಎಂದುಕೊಂಡು ಉಳಿದ ವಾಕ್ಯಗಳನ್ನು ನಾನು ಹೇಳುತ್ತೇನೆ.

ಅದಕ್ಕೆ ಮೊದಲು ಕೊಪ್ಪಳದ ಒಂದು ಖಾಸಗಿ ಶಾಲೆಯಲ್ಲಿ ನಾನು ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದ್ದೆ. ಯಲಬುರ್ಗಿ ಕಡೆಯ ಎರೆಹೊಲದ ಹಳ್ಳಿಯಿಂದ ಬಂದವಳು, ಕನ್ನಡ ಶಾಲೆಯಲ್ಲಿ ಓದಿದವಳು. ಇಂಗ್ಲಿಷ್ ಎಂದರೆ ನನಗೆ ವ್ಯಾಕರಣ. ಕರ್ತರಿಯನ್ನು ಕರ್ಮಣಿ ಮಾಡು, ಕರ್ಮಣಿಯನ್ನು ಕರ್ತರಿ ಮಾಡು. ಹಂಚಿನ ಮೇಲಿನ ರೊಟ್ಟಿಯ ಹಾಗೆ ವಾಕ್ಯವನ್ನು ಮಗುಚಿ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿ ಇಲ್ಲವೆಂದು ಒಳಗೊಳಗೇ ನಂಬಿದ್ದೆ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಕುಚೋದ್ಯದ ಸುಳಿವೂ ಇಲ್ಲದೆ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು: “ಟೀಚರ್, ನೀವು ಇಂಗ್ಲಿಷ್ ಯಾರ ಕೂಡ ಮಾತಾಡ್ತೀರಿ?”

ನಾನು ಯೋಚಿಸಿದೆ. ಮುಖ್ಯೋಪಾಧ್ಯಾಯರ ಕೂಡ ಕನ್ನಡ. ಬಸ್ಸಿನಲ್ಲಿ ಕನ್ನಡ, ತರಕಾರಿಯವನ ಕೂಡ ಅರ್ಧ ಉರ್ದು. ಬಾಗಿಲಿಗೆ ಬರುವ ಬೀದಿನಾಯಿಗೆ ‘ಗೋ’ ಎಂದದ್ದನ್ನು ಬಿಟ್ಟರೆ ಹನ್ನೆರಡು ವರ್ಷದಲ್ಲಿ ನಾನು ಇಂಗ್ಲಿಷನ್ನು ಯಾರೊಬ್ಬರ ಜೊತೆಗೂ ಅಗತ್ಯವಿದ್ದು ಮಾತಾಡಿರಲಿಲ್ಲ. ಈಜು ಬಾರದೆ ದಂಡೆಯ ಮೇಲೆ ನಿಂತು ಈಜು ಕಲಿಸುವವಳ ಹಾಗೆ ಅನಿಸಿಬಿಟ್ಟಿತು. ಆ ಹುಡುಗಿಗೆ ಏನೋ ಒಂದು ಹೇಳಿ ಕೂರಿಸಿದೆ. ಆದರೆ ಪ್ರಶ್ನೆ ಕೂರಲಿಲ್ಲ.

ಇಂಗ್ಲಿಷನ್ನು ನಿಜವಾಗಿ ಮಾತಾಡಬೇಕಾದ ಜಾಗ ಹುಡುಕಲು ಹೊರಟಾಗ ಸಿಕ್ಕಿದ್ದು ವಿಯೆಟ್ನಾಂ. ಮೊಬೈಲಿನಲ್ಲೇ ಒಂದು ತರಬೇತಿ ಮುಗಿಸಿದೆ, ಮೊಬೈಲಿನಲ್ಲೇ ಸಂದರ್ಶನವೂ ಆಯಿತು. ನನಗಾಗ ಮೂವತ್ತಾರು, ಮನೆಯಲ್ಲಿ ನನ್ನ ಮದುವೆಯ ಮಾತು ಯಾರೂ ಎತ್ತದಷ್ಟು ಹಳೆಯದಾಗಿತ್ತು. ಆದ್ದರಿಂದ ಒಪ್ಪಿಗೆ ಕೇಳಬೇಕಾದದ್ದು ಅವ್ವನೊಬ್ಬಳನ್ನೇ. ಅವಳು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು.

“ಯವ್ವಾ, ನಾ ವಿಯೆಟ್ನಾಮಿಗೆ ಹೊಂಟೀನಿ” ಎಂದೆ.

“ಹೋಗಿ ಬಾ. ಬರೋವಾಗ ಎಳೀ ಬದ್ನಿಕಾಯಿ ಸಿಕ್ರ ತಗೊಂಡು ಬಾ” ಎಂದಳು.

ಅವಳ ಕಿವಿಗೆ ಬಿದ್ದದ್ದು ಹಿಟ್ನಾಳ. ಕೊಪ್ಪಳದಿಂದ ಬಸ್ಸು ಹತ್ತಿದರೆ ಒಂದು ನಿದ್ದೆಯೂ ಮುಗಿಯದಷ್ಟು ಹತ್ತಿರದ ಊರು. ಇದು ಆ ಹಿಟ್ನಾಳವಲ್ಲ, ವಿಮಾನದಲ್ಲಿ ಹೋಗಬೇಕು ಎಂದು ಬಿಡಿಸಿ ಹೇಳಿದೆ. ಮೂರನೆಯ ದಿನ, ಅಲ್ಲಿಯ ಮಂದಿ ಎಂಥವರು ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಹಾಗಾದರೆ ಹೋಗಿ ನೋಡಿಕೊಂಡು ಬಂದು ಹೇಳು ಎಂದು ಅಪ್ಪಣೆ ಕೊಟ್ಟು, ತಾನು ಯಲಬುರ್ಗಿಯಲ್ಲಿದ್ದ ನನ್ನ ತಮ್ಮನ ಮನೆಗೆ ಹೊರಟಳು. ನನ್ನ ಚೀಲದಲ್ಲಿ ಮಾತ್ರ ನನಗೆ ತಿಳಿಯದಂತೆ ಶೇಂಗಾ ಚಟ್ನಿಯ ಎರಡು ಡಬ್ಬಿ ಸೇರಿದ್ದವು.

ಅದು ಮೆಕಾಂಗ್ ನದಿ ಸಮುದ್ರ ಸೇರುವ ಕಡೆಯ ಒಂದು ಸಣ್ಣ ಪಟ್ಟಣ. ಕರೆದೊಯ್ಯಲು ಬಂದ ವ್ಯಾನಿನ ಕಿಟಕಿಯಿಂದ ನೋಡಿದರೆ ಎರಡೂ ಕಡೆ ಕಾಲುವೆ, ಕಣ್ಣು ಹರಿಯುವವರೆಗೂ ಭತ್ತದ ಗದ್ದೆ. ಶ್ರೀರಾಮನಗರ ದಾಟುತ್ತಿದ್ದೇನೆ, ಇನ್ನೇನು ಗಂಗಾವತಿ ಬಂತು ಎಂದು ಮನಸ್ಸು ಸುಮ್ಮಸುಮ್ಮನೆ ಇಳಿಯಲು ಸಿದ್ಧವಾಗುತ್ತಿತ್ತು. ಧೈರ್ಯ ಬಂತು. ಆ ಧೈರ್ಯ ಮೊದಲ ತರಗತಿಯವರೆಗೆ ಇತ್ತು.

ಭಾಷಾ ಕೇಂದ್ರದ ಮೇಲ್ವಿಚಾರಕಿ ನನಗಿಂತ ಚಿಕ್ಕವಳು. ಹೆಸರು ಹಾ. ಅವಳನ್ನು ಕರೆದಾಗಲೆಲ್ಲ ಏನನ್ನೋ ಒಪ್ಪಿಕೊಂಡಂತಾಗುತ್ತಿತ್ತು. ಮೂರು ತಿಂಗಳು ನೋಡುತ್ತೇವೆ, ಆಮೇಲೆ ಮುಂದಿನ ಮಾತು ಎಂದು ಅವಳು ಮೊದಲೇ ಹೇಳಿದ್ದಳು. ಸಂಜೆ ಮಕ್ಕಳ ತರಗತಿಗೆ ಹೋಗಿ ಬೋರ್ಡಿನ ಮೇಲೆ ನನ್ನ ಹೆಸರು ಬರೆದೆ. ಮಕ್ಕಳು ಅದರ ಉದ್ದಕ್ಕೆ ಹೆದರಿದಂತೆ ಕಂಡವು. ಚಿಕ್ಕಂದಿನಿಂದ ಈ ಮಲ್ಲಮ್ಮ ಎಂಬ ಹೆಸರಿನ ಬಗ್ಗೆ ನನಗೂ ಸಣ್ಣ ಸಂಕೋಚ ಇದ್ದೇ ಇತ್ತು; ಜೊತೆಯವರೆಲ್ಲ ಶಿಲ್ಪಾ, ರೂಪಾ. ಹೊಸ ದೇಶದಲ್ಲಿ ಚಿಕ್ಕದು ಮಾಡಿಕೊಳ್ಳೋಣವೆಂದು, ‘ಮಾ’ ಎಂದರೆ ಸಾಕು, ‘ಕೋ ಮಾ’ ಎಂದು ಕರೆಯಿರಿ ಎಂದೆ. ಕೋ ಎಂದರೆ ಅಲ್ಲಿ ಟೀಚರಮ್ಮ. ಮುಂದಿನ ಬೆಂಚಿನ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು, ಹಿಂದೆಯೇ ಎಲ್ಲರೂ.

ಅವರ ಭಾಷೆಯಲ್ಲಿ ಒಂದೇ ಶಬ್ದವನ್ನು ಯಾವ ರಾಗದಲ್ಲಿ ಎಳೆಯುತ್ತೀರಿ ಎನ್ನುವುದರ ಮೇಲೆ ಅರ್ಥ. ‘ಮಾ’ ಎಂದು ಏರಿಸಿದರೆ ತಾಯಿ, ಗಂಟಲಲ್ಲಿ ಒತ್ತಿ ಇಳಿಸಿದರೆ ಭತ್ತದ ಸಸಿ, ನನ್ನ ಹಾಗೆ ಸಪಾಟಾಗಿ ಅಂದರೆ ದೆವ್ವ. ನಾನಾಗಿಯೇ ನಿಂತು ನನ್ನನ್ನು ದೆವ್ವದ ಟೀಚರ್ ಎಂದು ಕರೆಯಿರಿ ಎಂದು ಮಕ್ಕಳನ್ನು ಕೇಳಿಕೊಂಡಿದ್ದೆ.

ಮರುದಿನ ಹೊಟ್ಟೆಯ ಪ್ರಶ್ನೆ ಎದ್ದಿತು. ನಾನು ಮಾಂಸ ತಿನ್ನುವವಳಲ್ಲ, ಅದನ್ನು ಹೇಳಲು ಮಾತು ಬಾರದು. ಕೇಂದ್ರದ ಎದುರಿಗೆ ಒಂದು ಊಟದಂಗಡಿ ಇತ್ತು. ಅನ್ನದ ಗೊಡವೆ ಬೇಡ, ಒಂದು ಕಪ್ ಚಹಾ ಕುಡಿದು ಎದ್ದರಾಯಿತೆಂದು ಒಳಗೆ ಹೋಗಿ ‘ಚಾಯ್’ ಎಂದೆ. ಅಂಗಡಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಲೆಯಾಡಿಸಿ, ನುಚ್ಚಕ್ಕಿಯ ಅನ್ನ, ಪನೀರಿನಂಥ ಹುರಿದ ಸೋಯಾ ಗಟ್ಟಿ, ಬೇಯಿಸಿದ ಸೊಪ್ಪು ತಂದಿಟ್ಟಳು. ಅವರಲ್ಲಿ ‘ಚಾಯ್’ ಎಂದರೆ ಸಸ್ಯಾಹಾರ. ಅಮಾವಾಸ್ಯೆ ಹುಣ್ಣಿಮೆಗೆ ಬಹಳ ಜನ ಅದನ್ನೇ ಉಣ್ಣುತ್ತಾರಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ, ನುಚ್ಚಿನ ಅನ್ನ, ನಮ್ಮೂರಿನದೇ ರುಚಿ. ಚೀಲದಲ್ಲಿದ್ದ ಅವ್ವನ ಚಟ್ನಿಪುಡಿ ಕಲಸಿಕೊಂಡು ಉಂಡೆ. ಆ ಹೆಂಗಸು ಒಂದು ಚಿಟಿಕೆ ಚಟ್ನಿ ಕೇಳಿ ಇಸಿದುಕೊಂಡು ನಾಲಿಗೆಗೆ ಹಚ್ಚಿಕೊಂಡಳು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಚಿಟಿಕೆ ಕೇಳಿದಳು.

ಅವಳ ಹೆಸರು ಹ್ವಾ. ಹ್ವಾ ಎಂದರೆ ಹೂವು ಎಂದು ಅಂಗಡಿಯ ಮುಂದಿನ ಗಿಡ ತೋರಿಸಿ ತಿಳಿಸಿದಾಗ ನಾನು ನಕ್ಕುಬಿಟ್ಟೆ. ನಮ್ಮ ಕಡೆ ಹೂವ ಅನ್ನುವುದಕ್ಕೂ ಅದಕ್ಕೂ ಎಷ್ಟು ದೂರ. ಅವಳಿಗೆ ಐವತ್ತೈದರ ಮೇಲೆ. ಅಲ್ಲಿ ‘ನಾನು’ ‘ನೀನು’ ಎಂದು ಬರಿದೇ ಮಾತಾಡುವಂತಿಲ್ಲ, ವಯಸ್ಸು ಕೇಳಿ ನಂಟು ಕಟ್ಟಿಕೊಂಡೇ ಮಾತು ಶುರು. ಆಕೆ ನನ್ನ ವಯಸ್ಸು, ಮದುವೆ, ತಾಯಿ, ಹೊಲ, ಬೆಳೆ ಎಲ್ಲವನ್ನೂ ಕೈಸನ್ನೆಯಲ್ಲೇ ವಿಚಾರಿಸಿದಳು. ಯಲಬುರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಮುದುಕಿ ಕೇಳುವ ಪ್ರಶ್ನೆಗಳೇ, ಅದೇ ಕ್ರಮದಲ್ಲಿ. ಕೊನೆಗೆ ನಾನು ಅವಳನ್ನು ‘ಯೀ ಹ್ವಾ’ ಅನ್ನಬೇಕೆಂದು ತೀರ್ಮಾನವಾಯಿತು. ಯೀ ಎಂದರೆ ಚಿಕ್ಕವ್ವ. ನನ್ನ ದೆವ್ವದ ಹೆಸರು ಕೇಳಿ ಅವಳು ಗಾಬರಿಯಾದಳು. ಆ ಮಾ ಬೇಡ, ಗಂಟಲಲ್ಲಿ ಒತ್ತಿ ಅನ್ನುವ ಮಾ ಇರಲಿ ಎಂದು ಹಿತ್ತಲಿನ ಗದ್ದೆಯ ಕಡೆ ಬೆರಳು ಮಾಡಿದಳು. ಅಂದಿನಿಂದ ನಾನು ಸಸಿ ಟೀಚರ್ ಆದೆ. ಮಕ್ಕಳಿಗೆ ಸ್ವಲ್ಪ ನಿರಾಶೆಯಾಗಿರಬೇಕು.

ಒಂದು ವಾರಕ್ಕೆ ಯೀ ಹ್ವಾ ಏಪ್ರನ್ ಬಿಚ್ಚಿಟ್ಟು, ತಲೆ ಬಾಚಿಕೊಂಡು, ನನ್ನ ದೊಡ್ಡವರ ತರಗತಿಯಲ್ಲಿ ಬಂದು ಕೂತಳು. ಅವಳ ಮಗಳು ಹತ್ತಿರದ ನಗರದಲ್ಲಿ ಕೆಲಸ ಮಾಡುವಾಗ ಸ್ಕಾಟ್ಲೆಂಡಿನ ಒಬ್ಬನನ್ನು ಮೆಚ್ಚಿದ್ದಳು, ಮದುವೆ ಗೊತ್ತಾಗಿತ್ತು. ಹುಡುಗನ ತಾಯಿ ಬರುತ್ತಾಳೆ. ಬೀಗತಿಯ ಜೊತೆ ತಾನೇ, ನಡುವೆ ಯಾರೂ ಇಲ್ಲದೆ, ನಾಲ್ಕು ಮಾತು ಆಡಬೇಕು, ಅದಕ್ಕಾಗಿ ಇಂಗ್ಲಿಷ್. ಏನು ಮಾತು ಎಂದು ಹಾ ಮೂಲಕ ಕೇಳಿದರೆ, ಮೊದಲು ಕಲಿಸು, ಆಮೇಲೆ ಹೇಳುತ್ತೇನೆ ಎಂದಳು. ತರಗತಿಯಲ್ಲಿ ಅವಳು ನನ್ನನ್ನು ‘ಕೋ’ ಎಂದು ನಮ್ಮ ಬಹುವಚನದಷ್ಟು ಗೌರವದಲ್ಲಿ ಕರೆಯುತ್ತಿದ್ದಳು, ಅಂಗಡಿಗೆ ಹೋದರೆ ‘ಕೊನ್’, ಅಂದರೆ ಮಗಳೇ. ರಸ್ತೆ ದಾಟಿದರೆ ನಾನು ಟೀಚರಮ್ಮ, ಮತ್ತೆ ದಾಟಿದರೆ ಹುಡುಗಿ. ಅಂಗಡಿಯಲ್ಲಿ ಅವಳು ನನಗೆ ಅವರ ಭಾಷೆ ಕಲಿಸಲು ಹಿಡಿದಳು. ಅವಳದು ಹಳ್ಳಿಯ ಮಾತು. ಅದಕ್ಕೇ ಇರಬೇಕು, ಅರ್ಥವಾಗತೊಡಗಿದ ಮೇಲೆ ನನ್ನ ಕಿವಿಗೆ ಯಲಬುರ್ಗಿಯ ಮಾತಾಗಿಯೇ ಕೇಳುತ್ತಿತ್ತು.

ಎರಡನೆಯ ತಿಂಗಳಲ್ಲಿ ಹಾ ನನ್ನನ್ನು ತನ್ನ ಕೋಣೆಗೆ ಕರೆದಳು. ಮುಖ ಗಂಭೀರವಾಗಿತ್ತು. ಕೆಲವು ಮಕ್ಕಳ ತಂದೆತಾಯಿಗಳು ದೂರು ತಂದಿದ್ದಾರೆ ಎಂದಳು. ಟೀಚರ್ ಬಿಳಿಯವರಲ್ಲ ಎನ್ನುವ ದೂರು ಮೊದಲೇ ಇತ್ತಂತೆ, ಅದನ್ನು ಅವಳೇ ನುಂಗಿಕೊಂಡಿದ್ದಳು. ಇದು ಬೇರೆ. ಮಕ್ಕಳು ಮನೆಯಲ್ಲಿ ‘ಯೆಸ್ ರಿ’, ‘ಥ್ಯಾಂಕ್ಯೂ ರಿ’, ‘ಸಿಟ್ ಡೌನ್ ರಿ’ ಅನ್ನುತ್ತಿದ್ದಾರೆ. ಈ ‘ರಿ’ ಯಾವ ನಿಘಂಟಿನಲ್ಲೂ ಇಲ್ಲ. ಇದೇನು?

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಾನು ಹಾಗೆ ಅನ್ನುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಎದುರಿಗೆ ಮನುಷ್ಯರಿದ್ದರೆ ‘ರಿ’ ಹಚ್ಚದೆ ಮಾತು ಮುಗಿಸಲು ನಮ್ಮ ಕಡೆಯವರ ನಾಲಿಗೆ ಒಪ್ಪುವುದಿಲ್ಲ. ಹನ್ನೆರಡು ವರ್ಷ ಪುಸ್ತಕದ ಜೊತೆ ಮಾತಾಡಿದಾಗ ಬಾರದ ‘ರಿ’, ಮನುಷ್ಯರ ಜೊತೆ ಇಂಗ್ಲಿಷ್ ಆಡತೊಡಗಿದ ಕೂಡಲೇ ತಾನಾಗಿ ಬಂದು ಕೂತಿತ್ತು. ಮುಂದಿನ ವಾರ ತರಗತಿಯಲ್ಲಿ ಕೂತು ನೋಡುತ್ತೇನೆ, ಆಮೇಲೆ ನಿರ್ಧಾರ ಎಂದಳು ಹಾ.

ಆ ವಾರ ನಾನು ಮಾತಾಡಿದ್ದೇ ಕಡಿಮೆ. ಪ್ರತಿ ವಾಕ್ಯದ ಕೊನೆಯಲ್ಲಿ ತುಟಿ ಬಿಗಿದುಕೊಳ್ಳುತ್ತಿದ್ದೆ. ಮಕ್ಕಳಿಗೆ ಟೀಚರ್ ಸಿಟ್ಟಾಗಿದ್ದಾರೆ ಅನಿಸಿ ಅವೂ ಬಿಗಿದುಕೊಂಡವು. ಯೀ ಹ್ವಾಗೆ ವಾಸನೆ ಬಡಿಯಿತು. ಅಂಗಡಿಯಲ್ಲಿ ತಟ್ಟೆ ಮುಂದಿಟ್ಟು, ಏನಾಯಿತು ಹೇಳು ಎಂದು ಎದುರಿಗೆ ಕೂತಳು. ನನಗೆ ಬರುತ್ತಿದ್ದ ಹರಕು ಮುರುಕು ವಿಯೆಟ್ನಾಮಿಯಲ್ಲಿ ‘ರಿ’ ಪುರಾಣ ಹೇಳಿದೆ. ಹಿರಿಯರ ಮುಂದೆ, ಅಪರಿಚಿತರ ಮುಂದೆ, ಅದು ಇಲ್ಲದಿದ್ದರೆ ಮಾತು ಬತ್ತಲೆ ನಿಂತ ಹಾಗೆ ಎಂದೆ. ಅವಳು ತಟ್ಟೆ ಸರಿಸಿ ನನ್ನ ಕೈ ಹಿಡಿದುಕೊಂಡಳು.

“ಅದು ನಮ್ಮ ‘ಆ’ ಅಲ್ಲೇನ?” ಎಂದಳು.

ನಿಜ. ಅವರೂ ಹಿರಿಯರ ಜೊತೆ ಮಾತಾಡುವಾಗ ಕೊನೆಗೆ ಗಂಟಲಲ್ಲಿ ಒತ್ತಿ ನಿಲ್ಲಿಸುವ ಒಂದು ಸಣ್ಣ ‘ಆ’ ಸೇರಿಸುತ್ತಾರೆ. ಅದಕ್ಕೂ ಬೇರೆ ಅರ್ಥವಿಲ್ಲ, ಮರ್ಯಾದೆಯೊಂದೇ ಅರ್ಥ. ಎರಡು ತಿಂಗಳಿಂದ ದಿನವೂ ಕೇಳುತ್ತಿದ್ದೆ, ನನಗೆ ಹೊಳೆದಿರಲಿಲ್ಲ. ಯೀ ಹ್ವಾ ಇನ್ನೊಂದು ಶೋಧ ಮಾಡಿದಳು. ಇಂಗ್ಲಿಷಿನಲ್ಲೂ ‘ರಿ’ ಇದೆಯಲ್ಲ, ಸಾರಿ, ಹಂಗ್ರಿ, ಆಂಗ್ರಿ ಎಂದು ನೀನೇ ಕಲಿಸಿದ್ದೀಯ. ಅವರು ತಪ್ಪು ಮಾಡಿದಾಗ, ಹಸಿದಾಗ, ಸಿಟ್ಟು ಬಂದಾಗ ಮಾತ್ರ ಮರ್ಯಾದೆ ಕೊಡುತ್ತಾರೆ ಎಂದಳು. ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಹಾ ತರಗತಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು. ಅಂದು ಪಾಠ ಮನೆಯ ವಸ್ತುಗಳು. ಇಲ್ಲೊಂದು ವಿಷಯ ಹೇಳಬೇಕು. ಅಲ್ಲಿಯವರಿಗೆ ಶಬ್ದದ ಕೊನೆಯ ವ್ಯಂಜನ ನುಂಗುವ ಅಭ್ಯಾಸ. ‘ಹೌಸ್’ ಅವರ ಬಾಯಲ್ಲಿ ‘ಹೌ’, ‘ನೈಸ್’ ಬರೀ ‘ನೈ’. ನಮ್ಮದು ತದ್ವಿರುದ್ಧ, ನಾವು ಬಾಲಕ್ಕೆ ಒಂದು ‘ಉ’ ಕಟ್ಟುತ್ತೇವೆ: ಬಸ್ಸು, ಪೆನ್ನು, ಹೌಸು. ಈ ‘ಉ’ ಕಳೆದುಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಂದು ಒಬ್ಬ ಹುಡುಗಿ ಎಷ್ಟು ಸಲ ಹೇಳಿಕೊಟ್ಟರೂ ‘ಹೌ’ ಎಂದೇ ನಿಲ್ಲಿಸುತ್ತಿದ್ದಳು. ಹಾ ನೋಡುತ್ತಿದ್ದಾಳೆ. ಗಾಬರಿಯಲ್ಲಿ ಬಾಯಿಂದ ಯಲಬುರ್ಗಿಯೇ ಬಂತು, ‘ಹೌಸು’ ಅನ್ನು ಎಂದುಬಿಟ್ಟೆ. ಹುಡುಗಿ ಥಟ್ಟನೆ ‘ಹೌಸು’ ಅಂದಳು. ಈಗ ‘ಉ’ ಒಳಗೇ ಇಟ್ಟುಕೊ ಎಂದು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ‘ಹೌಸ್’ ಎಂದಳು, ಸ್ಪಷ್ಟವಾಗಿ. ಒಬ್ಬೊಬ್ಬರಾಗಿ ಇಡೀ ತರಗತಿ ಬಸ್ಸು ಬಸ್, ನೈಸು ನೈಸ್ ಎಂದು ಬಾಲ ಹಚ್ಚಿ ಬಾಲ ಕತ್ತರಿಸಿ ಆಡತೊಡಗಿತು. ನಾನು ನಾಚಿಕೊಂಡು ಒರೆಸಿ ಹಾಕಿದ್ದ ‘ಉ’ಕಾರ ಆ ದಿನ ನನ್ನ ಮಾನ ಕಾಯಿತು.

ಪಾಠ ಮುಗಿದ ಮೇಲೆ ನಾನೇ ಹಾ ಹತ್ತಿರ ಹೋಗಿ, ಅವಳ ಭಾಷೆಯಲ್ಲಿ, ರಾಗ ಎಲ್ಲೆಲ್ಲೋ ಹೋದರೂ ಬಿಡದೆ, ‘ರಿ’ ಎಂದರೆ ನಿಮ್ಮ ‘ಆ’ ಎಂದು ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ಅರ್ಥವಾಯಿತು, ಆದರೆ ಪರೀಕ್ಷೆಯಲ್ಲಿ ಮಗು ‘ರಿ’ ಅಂದರೆ ಪರೀಕ್ಷಕರಿಗೆ ಅರ್ಥವಾಗುವುದಿಲ್ಲ ಎಂದಳು. ಅವಳ ಮಾತೂ ಸರಿಯೇ ಇತ್ತು. ಮಕ್ಕಳ ತರಗತಿಯಲ್ಲಿ ‘ಪ್ಲೀಸ್’ ಹೇಳುವುದು, ದೊಡ್ಡವರ ತರಗತಿಯಲ್ಲಿ ನಿಮ್ಮಿಷ್ಟ ಎಂದು ಒಪ್ಪಂದವಾಯಿತು. ಬಾಗಿಲಿನ ತನಕ ಹೋದವಳು ತಿರುಗಿ, ಮೂರು ತಿಂಗಳು ಆದ ಮೇಲೂ ಇರಿ ಎಂದಳು. ‘ಥ್ಯಾಂಕ್ಯೂ’ ಎಂದು ಬಾಯಿ ಮುಚ್ಚಿಕೊಂಡೆ. ಅವಳು ಕಾಯುತ್ತಾ ನಿಂತಳು. “ರಿ” ಎಂದೆ. ನಕ್ಕು ಹೋದಳು.

ಬೀಗತಿ ಬಂದದ್ದು ಮರುವರ್ಷ, ಮದುವೆಗೆ ನಾಲ್ಕು ದಿನ ಮೊದಲು. ಯೀ ಹ್ವಾ ನನ್ನನ್ನೂ ಕರೆಸಿಕೊಂಡಿದ್ದಳು, ಎಲ್ಲಾದರೂ ತಾನು ಸಿಕ್ಕಿಹಾಕಿಕೊಂಡರೆ ಬಿಡಿಸಲಿ ಎಂದು. ಎತ್ತರದ, ಬಿಸಿಲಿಗೆ ಕೆಂಪಾದ ಹೆಂಗಸು ಆ ಅಂಗಡಿಯ ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು ಏನೋ ಹೇಳಿದಳು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದಳು, ಆಗಲೂ ತಿಳಿಯಲಿಲ್ಲ. ಸ್ಕಾಟ್ಲೆಂಡಿನವರ ಇಂಗ್ಲಿಷ್ ಹಾಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹದಿಮೂರು ವರ್ಷದ ಇಂಗ್ಲಿಷ್ ಟೀಚರ್ ಗೂಟದ ಹಾಗೆ ಕೂತೆ. ಯೀ ಹ್ವಾ ಮಾತ್ರ ತಲೆಯಾಡಿಸಿ ನೀರು ತಂದುಕೊಟ್ಟಳು. ಆಕೆ ಕೇಳಿದ್ದು ನೀರೇ ಆಗಿತ್ತು.

ಆಮೇಲೆ ಯೀ ಹ್ವಾ ಕೈ ಒರೆಸಿಕೊಂಡು ಎದುರಿಗೆ ಕೂತಳು. ಸ್ವಾಗತದ ಮಾತು, ಹವೆಯ ಮಾತು, ನಾನು ಬರೆದು ಬಾಯಿಪಾಠ ಮಾಡಿಸಿದ್ದ ಎಂಟು ಹತ್ತು ವಾಕ್ಯಗಳು, ಯಾವುದನ್ನೂ ಆಡಲಿಲ್ಲ. ಅವಳು ಇಷ್ಟು ದಿನ ನನಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು.

“ಮೈ ಡಾಟರ್ ಹಂಗ್ರಿ, ಶೀ ಆಂಗ್ರಿ. ಫಸ್ಟು ಈಟು, ದೆನ್ ಸ್ಕೋಲ್ಡು. ಪ್ಲೀಸು ರಿ.”

ನನ್ನ ಮಗಳಿಗೆ ಹಸಿವಾದರೆ ಸಿಟ್ಟು ಬರುತ್ತದೆ. ಮೊದಲು ಉಣ್ಣಲು ಕೊಡಿ, ಆಮೇಲೆ ಬೈಯಿರಿ. ಎರಡು ಸಮುದ್ರ ದಾಟಿ ಹೋಗುವ ಮಗಳ ಬಗ್ಗೆ ಒಬ್ಬ ತಾಯಿ ಹೇಳಬೇಕಾದದ್ದೆಲ್ಲ ಅದರಲ್ಲಿ ಇತ್ತು. ಶಬ್ದಗಳ ಬಾಲಕ್ಕೆ ನಮ್ಮೂರಿನ ‘ಉ’ ಇತ್ತು. ನಾನು ತಲೆ ತಗ್ಗಿಸಿ ಕೂತೆ, ನಾಚಿಕೆಯಿಂದಲ್ಲ.

ಆ ಎತ್ತರದ ಹೆಂಗಸು ಯೀ ಹ್ವಾಳ ಎರಡೂ ಕೈ ಹಿಡಿದುಕೊಂಡಳು. ಈ ಸಲ ಅವಳು ನಿಧಾನವಾಗಿ ಮಾತಾಡಿದ್ದರಿಂದ ನನಗೂ ತಿಳಿಯಿತು. “ಮೈ ಸನ್. ಸೇಮ್” ಎಂದಳು. ಇಬ್ಬರೂ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಅಲ್ಲಿಂದ ಮುಂದೆ ನನ್ನ ಕಡೆ ಯಾರೂ ನೋಡಲೇ ಇಲ್ಲ. ನನ್ನ ಬಾಳಿನಲ್ಲಿ ನಾನು ಮಾಡಿದ ಅತ್ಯುತ್ತಮ ಪಾಠ ಅದೇ ಇರಬೇಕು, ಟೀಚರ್ ಬೇಡವಾದದ್ದು.

ಮೂರು ವರ್ಷ ಆದ ಮೇಲೆ ಕುಷ್ಟಗಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ವಾಪಸು ಬಂದೆ. ಅವ್ವ ನನ್ನ ಜೊತೆಗೇ ಬಂದು ಇದ್ದಳು. ಅಲ್ಲಿಯ ಮಂದಿ ಎಂಥವರು ಎಂದು ಮೊದಲ ದಿನವೇ ಕೇಳಿದಳು. ವಯಸ್ಸು ಕೇಳಿ ಊಟಕ್ಕಿಡುವ ಮಂದಿ ಎಂದೆ. ಅಷ್ಟು ಸಾಕಾಯಿತು ಅವಳಿಗೆ.

ಆ ಬೇಸಿಗೆಯಲ್ಲಿ ಗಂಗಾವತಿ ಕಡೆಯ ಮರಳಿ ಎಂಬ ಹಳ್ಳಿಗೆ ಹೋದೆ, ನಮ್ಮ ಪಾರ್ವತಕ್ಕನನ್ನು ಕೊಟ್ಟ ಊರು. ನಾನು ಎಂಟು ವರ್ಷದವಳಿದ್ದಾಗ ಅಕ್ಕನಿಗೆ ಚೊಚ್ಚಲ ಬಾಣಂತನ. ಕೂಸು ಆಡಿಸಲೆಂದು ಒಂದು ವರ್ಷ ನನ್ನನ್ನು ಅಲ್ಲಿಯೇ ಇಟ್ಟುಕೊಂಡು ಅಲ್ಲಿಯ ಶಾಲೆಗೇ ಸೇರಿಸಿದ್ದಳು. ಪಕ್ಕದ ಮನೆಯಲ್ಲಿ ಗೋದಾವರಿ ಕಡೆಯಿಂದ ಬಂದ ತೆಲುಗಿನವರು. ಆ ಮನೆಯ ಹೊಸ ಸೊಸೆ ಸೀತಕ್ಕ. ಅವಳಿಂದಲೇ ನನಗೆ ತೆಲುಗು ಬಂತು, ಅಂದರೆ ಕನ್ನಡ ಬಿಟ್ಟು ನಾನು ಕಲಿತ ಮೊದಲ ಭಾಷೆ.

ಅದರ ಮೊದಲ ಪಾಠ ಮರೆಯುವಂಥದ್ದಲ್ಲ. ನಾನು ಅವರ ಹೊಸ್ತಿಲಲ್ಲಿ ಕೂತಿದ್ದೆ. ಅಂಗಳದಲ್ಲಿ ಬಿತ್ತನೆಗೆಂದು ಭತ್ತ ನೆನೆಹಾಕಿ ಹರವಿದ್ದರು. ಸೀತಕ್ಕ ಹಿತ್ತಲಿನಿಂದ “ಎದ್ದು, ಎದ್ದು” ಎಂದು ಕೂಗಿದಳು. ದೊಡ್ಡವರು ಹೇಳಿದ ಮೇಲೆ ಏಳಬೇಕು, ಎದ್ದು ನಿಂತೆ. ಅವಳು ಮತ್ತೂ ಕೂಗಿದಳು. ಇನ್ನೂ ಹೇಗೆ ಏಳಬೇಕೆಂದು ತಿಳಿಯದೆ ಹೊಸ್ತಿಲ ಮೇಲೆ ಹತ್ತಿ ನೆಟ್ಟಗೆ ನಿಂತೆ. ತೆಲುಗಿನಲ್ಲಿ ಎದ್ದು ಎಂದರೆ ಎತ್ತು. ಎತ್ತು ನನ್ನ ಎದುರಿಗೇ, ನನ್ನ ವಿನಯಕ್ಕೆ ಮೆಚ್ಚಿದಂತೆ ನೋಡುತ್ತಾ, ಬೀಜದ ಭತ್ತ ಮೇಯುತ್ತಿತ್ತು.

ಈ ಕತೆಯನ್ನು ನಾನು ವಿಯೆಟ್ನಾಮಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೆ. ಹೊಸ ಭಾಷೆಗೆ ನಾನು ಹೆದರದಿರಲು ಸೀತಕ್ಕನೇ ಕಾರಣ, ಅದನ್ನು ಅವಳಿಗೆ ಒಮ್ಮೆ ಬಾಯಿಬಿಟ್ಟು ಹೇಳಬೇಕೆಂದು ಪಕ್ಕದ ಮನೆಗೆ ಹೋದೆ. ಅವಳಿಗೀಗ ಐವತ್ತು. ಕಟ್ಟೆಯ ಮೇಲೆ ಕೂರಿಸಿಕೊಂಡು ಮಜ್ಜಿಗೆ ಕೊಟ್ಟಳು. ನೀವು ನನಗೆ ತೆಲುಗು ಕಲಿಸಿದಿರಿ, ಅದರ ಪುಣ್ಯದಿಂದ ಪರದೇಶದಲ್ಲಿ ಬದುಕಿ ಬಂದೆ ಎಂದೆ.

“ನಾ ನಿನಗ ಕಲ್ಸಿದ್ದು ನನಗ ನೆನಪಿಲ್ಲ ಅಮ್ಮಾಯಿ. ನೀ ನನಗ ಕಲ್ಸಿದ್ದು ನೆನಪೈತಿ” ಎಂದಳು.

ಅವಳು ಹೇಳತೊಡಗಿದಳು. ಮದುವೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು, ಕನ್ನಡದ ಒಂದು ಮಾತು ಬರುತ್ತಿರಲಿಲ್ಲ. ಮನೆಯವರೆಲ್ಲ ಬೆಳಗಾದರೆ ಗದ್ದೆಗೆ. ನೀರಿಗೆ ಹೋದರೆ ಹೆಂಗಸರು ಏನೋ ಮಾತಾಡಿ ನಗುತ್ತಿದ್ದರು, ತನ್ನನ್ನು ನೋಡಿಯೇ ನಗುತ್ತಾರೆ ಅನಿಸುತ್ತಿತ್ತು. ಅಳುತ್ತಾ ಖಾಲಿ ಕೊಡ ಹೊತ್ತು ವಾಪಸು ಬಂದದ್ದೂ ಉಂಟು. ಆಗ ಪಕ್ಕದ ಮನೆಯ ಒಂದು ಹುಡುಗಿ ದಿನವೂ ಶಾಲೆ ಬಿಟ್ಟ ಮೇಲೆ, ಕಂಕುಳಲ್ಲಿ ಅಕ್ಕನ ಕೂಸನ್ನು ಎತ್ತಿಕೊಂಡು ಬಂದು ಎದುರಿಗೆ ಕೂತು, ಇದು ಕೊಡ, ಇದು ಹಗ್ಗ, ಇದು ಬಾಗಿಲು ಎಂದು ಒಂದೊಂದನ್ನೇ ಮುಟ್ಟಿ ತೋರಿಸಿ ಅನ್ನಿಸುತ್ತಿತ್ತಂತೆ.

“ತಪ್ಪಾದ್ರ ಎಲ್ಲಾರೂ ನಗ್ತಿದ್ರು. ನೀ ನಗ್ತಿರ್ಲಿಲ್ಲ. ಮತ್ತೊಮ್ಮೆ ಅನ್ನು ಅಂತಿದ್ದಿ” ಎಂದಳು.

ನನಗೆ ಇದು ಒಂದಿಷ್ಟೂ ನೆನಪಿಲ್ಲ. ಎತ್ತು ನೆನಪಿದೆ, ಅದರ ಮೂಗಿನ ಮೇಲೆ ಅಂಟಿದ್ದ ಭತ್ತದ ಕಾಳೂ ನೆನಪಿದೆ. ಕೊಡ, ಹಗ್ಗ ಯಾವುದೂ ಇಲ್ಲ. ಹಾಗಾದರೆ ನಾನು ಮೊದಲು ಕಲಿಸಿದ ಇಡೀ ವಾಕ್ಯ ಯಾವುದು ಎಂದು ಕೇಳಿದೆ. ಅವಳು ಯೋಚಿಸಲೇ ಇಲ್ಲ.

“‘ನನಗ ತಿಳೀಲಿಲ್ಲಬೇ, ಇನ್ನೊಮ್ಮಿ ಹೇಳು.’ ಮರುದಿನ ನೀರಿಗೆ ಹೋದಾಗ ಆ ಹೆಂಗಸ್ರಿಗೆ ಅದನ್ನ ಅಂದೆ. ನಗೋದು ಬಿಟ್ಟು ನಿಧಾನಕ್ಕ ಇನ್ನೊಮ್ಮಿ ಹೇಳಿದ್ರು. ಅವತ್ತಿಂದ ಈ ಊರು ನಂದಾತು.”

ಋಣ ತೀರಿಸಲು ಹೋದವಳು ಮಜ್ಜಿಗೆಯ ಲೋಟ ಹಿಡಿದುಕೊಂಡು ಕೂತೇ ಇದ್ದೆ. ಎಂಟು ವರ್ಷದ ಆ ಹುಡುಗಿಗೆ ಆ ವಾಕ್ಯವನ್ನೇ ಮೊದಲು ಕಲಿಸಬೇಕೆಂದು ಯಾರು ಹೇಳಿಕೊಟ್ಟಿದ್ದರೋ. ಕೊನೆಗೆ, ಇನ್ನೊಮ್ಮೆ ಹೇಳು ಸೀತಕ್ಕ ಎಂದೆ. ಅವಳು ಕಾಲು ಮಡಚಿಕೊಂಡು ಸರಿಯಾಗಿ ಕೂತು, ಮದುವೆಯಾಗಿ ಬಂದ ದಿನದಿಂದ ಮತ್ತೆ ಹೇಳಲು ಶುರುಮಾಡಿದಳು, ನಿಧಾನವಾಗಿ.